ಮಗಳಿಗೊಂದು ಪತ್ರ: ವಿವೇಕವೆಂಬ ಮಾತು

ಸುಂಟಿಕೊಪ್ಪ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಇಂಗ್ಲಿಷಿನ ‘ವಿಸ್‌ಡಮ್’ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕೆಂದು ನೀನು ಫೋನಿನಲ್ಲಿ ಕೇಳಿದಾಗ ಅವಸರದಲ್ಲಿ ‘ಜ್ಞಾನ’ ಎಂದುಬಿಟ್ಟೆ. ಆ ಉತ್ತರ ನನಗೇ ಸಮಾಧಾನ ತರಲಿಲ್ಲ.

ಹತ್ತಿರದ ಮಾತು ವಿವೇಕ. ಬೇರ್ಪಡಿಸು ಎಂಬ ಅರ್ಥದ ‘ವಿಚ್’ ಎನ್ನುವ ಸಂಸ್ಕೃತ ಧಾತುವಿನಿಂದ ಅದು ಬಂದಿದೆ. ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆನ್ನುವ ಹಂಸವನ್ನು ನೆನೆದು ‘ನೀರಕ್ಷೀರ ವಿವೇಕ’ ಎನ್ನುವುದೂ ಇದೇ ಅರ್ಥದಲ್ಲಿ. ಬುದ್ಧಿಯನ್ನಾದರೆ ನಾವು ಹೇಳುತ್ತೇವೆ, ಸಿಟ್ಟು ಬಂದರೆ ಕಲಿಸುತ್ತೇವೆ. ಅರಿವು ಅಚ್ಚಗನ್ನಡದ ಮಾತು. 12ನೆಯ ಶತಮಾನದ ಶರಣರು ಗುರುವೆಂದು ಕರೆದ ಅರಿವು ಈಗ ಜಾಗೃತಿ ಕಾರ್ಯಕ್ರಮಗಳ ಫಲಕಕ್ಕೆ ಇಳಿದಿರುವುದು ನನಗೆ ಬೇಸರದ ಸಂಗತಿ. ವಿವೇಕಿ ಎಂದು ಯಾರನ್ನಾದರೂ ಎದುರಿಗೆ ಹೊಗಳಿದ್ದನ್ನು ನಾನು ಕೇಳಿದ್ದು ಕಡಿಮೆ. ಅವಿವೇಕಿ ಎಂದು ಬೈದದ್ದನ್ನು ಕೇಳಿದ್ದೇ ಹೆಚ್ಚು.

ನಾನೂ ಬೈಸಿಕೊಂಡಿದ್ದೇನೆ. ನೀನಿನ್ನೂ ತೊಟ್ಟಿಲಲ್ಲಿದ್ದ ವರ್ಷ, ಕಾಫಿ ಹೂವನ್ನು ಅರಳಿಸುವ ಹೂಮಳೆ ತಡವಾಯಿತೆಂದು ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದ್ದೆ. ಮೊಗ್ಗು ಚೆನ್ನಾಗಿ ಅರಳಬೇಕಾದರೆ ಒಂದು ಇಂಚಿಗೆ ಕಡಿಮೆಯಿಲ್ಲದಷ್ಟು ನೀರು ಬೀಳಬೇಕೆಂಬುದು ನನಗೆ ತಿಳಿದೇ ಇತ್ತು. ಆದರೂ ಕೆಳಗಿನ ತೋಟಕ್ಕೆ ಅರ್ಧ ನೀರು ಬಿದ್ದ ಹೊತ್ತಿಗೆ ಮೋಡ ಕಟ್ಟಿದ್ದನ್ನು ಕಂಡು, ಡೀಸೆಲ್ ಉಳಿಯಲಿ ಎಂದು ಪಂಪು ನಿಲ್ಲಿಸಿದೆ. “ಶುರು ಮಾಡಿದ ಮೇಲೆ ನಿಲ್ಲಿಸಬೇಡವೋ” ಎಂದು ನಿನ್ನ ಅಜ್ಜಿ ಹೇಳಿದರು. ನಾಲ್ಕು ಹನಿ ಬಿದ್ದು ಮೋಡ ಚದುರಿತು. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾಯುತ್ತಲೇ ದಿನಗಳು ಕಳೆದವು. ಸುಮಾರು ಹತ್ತು ದಿನಕ್ಕೆ ಮೇಲಿನ ತೋಟವೆಲ್ಲ ಬೆಳ್ಳಗೆ ಅರಳಿ ಘಮಘಮಿಸುವಾಗ ಕೆಳಗಿನ ಮೊಗ್ಗುಗಳು ನಸುಗೆಂಪಾಗಿ, ಅರೆಬಿರಿದು ನಿಂತುಬಿಟ್ಟಿದ್ದವು. ಅಜ್ಜಿ ಗಿಡದ ಒಂದು ರೆಕ್ಕೆಯನ್ನು, ಅಂದರೆ ಅಡ್ಡಕೊಂಬೆಯನ್ನು, ಬಗ್ಗಿಸಿ ಆ ಮೊಗ್ಗುಗಳನ್ನು ನನಗೆ ಮುಟ್ಟಿಸಿದರು. “ಅವಿವೇಕ ಮಾಡಿದೆಯಲ್ಲೋ.”

ಅಂದು ನನಗೆ ತಿಳಿವಳಿಕೆಯ ಕೊರತೆಯಿರಲಿಲ್ಲ. ಮಳೆಯ ಲಕ್ಷಣವನ್ನೂ ಮಳೆ ಬರಲೆಂಬ ನನ್ನ ಆಸೆಯನ್ನೂ ಬೇರೆ ಮಾಡಿ ನೋಡಲು ಆಗಲಿಲ್ಲ, ಅಷ್ಟೇ. ವಿವೇಕವೆಂಬ ಮಾತಿನ ಅರ್ಥ ನನಗೆ ಗೊತ್ತಾದದ್ದು ನಿಘಂಟಿನಿಂದಲ್ಲ, ಆ ಮೊಗ್ಗುಗಳಿಂದ.

ನೀನು ಯಾವ ಪದವನ್ನು ಆರಿಸಿದೆ ಎಂದು ಬರೆ. ಕೆಳಗಿನ ತೋಟಕ್ಕೆ ನಿನ್ನೆಯಿಂದ ನೀರು ಕೊಡುತ್ತಿದ್ದೇನೆ. ಈಗಲೂ ಮೋಡವಿದೆ, ಪಂಪು ಓಡುತ್ತಿದೆ.

ನಿನ್ನ ಅಪ್ಪ