ಜಾಗ ಬಿಟ್ಟ ಚುಕ್ಕಿ

ಟೂಸಾನ್, ಅರಿಝೋನಾ
ಜುಲೈ 12

ಅಪ್ಪಯ್ಯ, ಅಮ್ಮ, ಇಬ್ಬರಿಗೂ ನಮಸ್ಕಾರ.

ಮೊನ್ನೆ ಫೋನಿನಲ್ಲಿ ಅಮ್ಮ ಗಾಬರಿಯಲ್ಲಿದ್ದಳು. ಆಕಾಶದಿಂದ ಕಲ್ಲು ಬೀಳ್ತದೆ ಅಂತ ಟಿವಿಯಲ್ಲಿ ಹೇಳ್ತಿದ್ದಾರೆ, ನೀನಿರುವ ಕಡೆಗೇನಾ ಅಂತ. ಕೆಲಸದ ಮಧ್ಯೆ ಇದ್ದೆ, "ಏನಿಲ್ಲ ಬಿಡಮ್ಮ" ಅಂದು ಇಟ್ಟುಬಿಟ್ಟೆ. ಆಮೇಲೆ ಬೇಜಾರಾಯಿತು. ನಿಮಗೆ ಫೋನಿನಲ್ಲಿ ಹೇಳೋಣ ಅಂದರೆ, ಅಪ್ಪಯ್ಯ, ನಲವತ್ತು ವರ್ಷ ಬೋಟಿನ ಇಂಜಿನ್ ಪಕ್ಕ ನಿಂತ ಕಿವಿ ನಿಮ್ಮದು. ಅರ್ಧ ಕೇಳುವುದಿಲ್ಲ. ಅದಕ್ಕೇ ಈ ಕಾಗದ. ಅಮ್ಮನಿಗೆ ನೀವೇ ಓದಿ ಹೇಳಿ.

ಆ ಕಲ್ಲುಗಳನ್ನು ಹುಡುಕುವ ಜನ ನಮ್ಮ ಊರಿನ ಗುಡ್ಡದ ಮೇಲೇ ಇದ್ದಾರೆ. ಮೌಂಟ್ ಲೆಮ್ಮನ್ ಅಂತ, ಸುಮಾರು 2,790 ಮೀಟರ್ ಎತ್ತರ. ಕೆಟಲೀನಾ ಸ್ಕೈ ಸರ್ವೇ ಎಂಬ ತಂಡದ ದೂರದರ್ಶಕ ಅಲ್ಲಿದೆ. ನಮ್ಮ ಪಕ್ಕದ ಮನೆಯಾಕೆಗೆ ಅಲ್ಲಿ ರಾತ್ರಿ ಪಾಳಿ. ಹೋದ ಭಾನುವಾರ ನಮ್ಮನೆಗೆ ಕಾಫಿಗೆ ಬಂದಿದ್ದಳು. ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನಾಲ್ಕು ಫೋಟೊ ತೋರಿಸಿದಳು. ಆಕಾಶದ ಒಂದೇ ತುಂಡು, ಕೆಲವು ನಿಮಿಷಕ್ಕೊಂದು ಸಲ ತೆಗೆದದ್ದು. ಕಪ್ಪು ಬಟ್ಟೆಯ ಮೇಲೆ ರವೆ ಚೆಲ್ಲಿದ ಹಾಗಿತ್ತು. ಒಂದಾದ ಮೇಲೊಂದು ಓಡಿಸಿದಳು. ನನಗೆ ಏನೂ ಕಾಣಲಿಲ್ಲ. ಇನ್ನೊಮ್ಮೆ ಓಡಿಸಿದಳು. ಊಹುಂ.

ಆಗ ನಿಮ್ಮ ನೆನಪಾಯಿತು. ಮಲ್ಪೆಯ ಕಡಲ ಕರೆಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದೂರದ ಬೋಟಿನ ದೀಪ ತೋರಿಸುತ್ತಿದ್ದಿರಿ, ಅಲ್ವಾ? "ಎಲ್ಲ ಒಟ್ಟಿಗೆ ನೋಡ್ಬೇಡ ಮಗಾ. ಒಂದು ದೀಪ ಹಿಡ್ಕೋ. ಅದರ ಪಕ್ಕದ್ದು ಜಾಗ ಬಿಡ್ತಾ ನೋಡು." ಹಾಗೇ ಮಾಡಿದೆ. ಒಂದು ದಪ್ಪ ನಕ್ಷತ್ರ ಹಿಡಿದುಕೊಂಡೆ. ಅದರ ಎಡಕ್ಕಿದ್ದ ಸಣ್ಣ ಚುಕ್ಕಿ ಒಂದೊಂದು ಫೋಟೊಗೂ ಒಂದೊಂದು ಹೆಜ್ಜೆ ಇಟ್ಟಿತು! ಪಕ್ಕದ ಮನೆಯಾಕೆ ನಕ್ಕಳು. ಮೊದಲು ಕಂಪ್ಯೂಟರ್ ಸೋಸಿ ಕೊಡುತ್ತದಂತೆ, ಆದರೆ ಇದು ನಿಜವಾದ ಕಲ್ಲಾ, ಸುಮ್ನೆ ಕಲೆಯಾ ಅಂತ ಕೊನೆಗೆ ಹೇಳುವುದು ಮನುಷ್ಯರ ಕಣ್ಣೇ. ಹಾಗಾದರೆ ಬೋಟು ನಡೆಸುವ ನಮ್ಮ ಮಲ್ಪೆಯ ತಾಂಡೇಲರನ್ನು ಇಲ್ಲಿಗೆ ಕರೆಸಬಹುದು ಅಂದೆ.

2008ರ ಅಕ್ಟೋಬರ್ 6ರಂದು ಇದೇ ಗುಡ್ಡದಿಂದ ರಿಚರ್ಡ್ ಕೊವಾಲ್ಸ್ಕಿ ಎಂಬವರಿಗೆ ಇಂಥದ್ದೇ ಒಂದು ಚುಕ್ಕಿ ಸಿಕ್ಕಿತು. ಆಗ ಅದು ಚಂದ್ರನಿಗಿಂತ ಸ್ವಲ್ಪ ಆಚೆಗಿತ್ತು. ಲೆಕ್ಕ ಹಾಕಿ ನೋಡಿದರೆ ನೆಟ್ಟಗೆ ಭೂಮಿಗೇ ಬರುತ್ತಿದೆ! ಬೀಳುವ ಮೊದಲೇ ಮನುಷ್ಯರು ಕಂಡ ಮೊದಲ ಕಲ್ಲು ಅದು. ನಾಲ್ಕು ಮೀಟರ್ ಅಗಲ, ಅಂದಾಜು 80 ಟನ್ ತೂಕ. ಕೈಯಲ್ಲಿದ್ದದ್ದು ಸುಮಾರು ಇಪ್ಪತ್ತು ಗಂಟೆ ಅಷ್ಟೇ. ಅಷ್ಟರಲ್ಲೇ ಬೇರೆ ಬೇರೆ ದೇಶದವರು ತಮ್ಮ ತಮ್ಮ ದೂರದರ್ಶಕ ತಿರುಗಿಸಿ ಅಳತೆ ಕಳಿಸಿದರು. ಸುಡಾನಿನ ಮರುಭೂಮಿಯ ಮೇಲೆ, ಹೇಳಿದ ಹೊತ್ತಿಗೆ ಸರಿಯಾಗಿ, ಉರಿದು ಒಡೆಯಿತು. ಆಮೇಲೆ ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಾಲಾಗಿ ನಿಂತು, ಮರಳು ನೋಡುತ್ತಾ ನಡೆದು ಚೂರು ಹೆಕ್ಕಿದರು. ಸುಮಾರು 600 ಚೂರು. ಎಲ್ಲ ಸೇರಿ ಹತ್ತು ಕಿಲೋ ಚಿಲ್ಲರೆ ಅಷ್ಟೇ. 80 ಟನ್ನಿನಲ್ಲಿ ಹತ್ತು ಕಿಲೋ! ಉಳಿದದ್ದೆಲ್ಲ ಗಾಳಿಯಲ್ಲೇ ಹೊಗೆ, ದೂಳು. ಅಲ್ಲಿನ ಒಂದು ರೈಲು ನಿಲ್ದಾಣದ ಹೆಸರನ್ನೇ ಆ ಕಲ್ಲಿಗೂ ಇಟ್ಟಿದ್ದಾರೆ, ಅಲ್ಮಹಾತಾ ಸಿತ್ತಾ. 'ಆರನೇ ನಿಲ್ದಾಣ' ಅಂತ ಅರ್ಥವಂತೆ. ನಮ್ಮ ಇಂದ್ರಾಳಿ ರೈಲು ನಿಲ್ದಾಣದ ಹೆಸರಿನ ಕಲ್ಲು ಅಂದ ಹಾಗೆ.

2024ರ ಕೊನೆಯವರೆಗೆ ಹೀಗೆ ಮೊದಲೇ ಕಂಡದ್ದು ಬರೀ ಹನ್ನೊಂದು. ಸಣ್ಣ ಕಲ್ಲಿಗೆ ಸ್ವಂತ ಬೆಳಕಿಲ್ಲ, ಸೂರ್ಯನ ಬೆಳಕು ಬಿದ್ದರೆ ಮಾತ್ರ ಕಾಣಬೇಕು, ಅದೂ ತೀರಾ ಹತ್ತಿರ ಬಂದಾಗ. 2024ರ ಜನವರಿಯಲ್ಲಿ ಹಂಗೇರಿಯ ಸಾರ್ನೆಟ್ಸ್ಕಿ ಎಂಬವರು ಹುಡುಕಿದ ಕಲ್ಲು ಮೂರೇ ಗಂಟೆಯೊಳಗೆ ಬರ್ಲಿನ್ ಹತ್ತಿರ ಬಿತ್ತು.

ಈಗ ಅಮ್ಮನ ಪ್ರಶ್ನೆ. ಇಷ್ಟು ಸಣ್ಣವು ಮೇಲೆಯೇ ಉರಿದು ಹೋಗುತ್ತವೆ, ಹೆದರುವುದು ಬೇಡ. ತೊಂದರೆ ಕೊಡುವುದು ಸ್ವಲ್ಪ ದೊಡ್ಡವು. 2013ರ ಫೆಬ್ರವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಇಪ್ಪತ್ತು ಮೀಟರಿನದೊಂದು ಒಡೆಯಿತು. ಬೆಳಕು ನೋಡಿ ಜನ ಕಿಟಕಿಗೆ ಓಡಿದರು. ಸದ್ದು ಬಂದದ್ದು ಆಮೇಲೆ. ಗಾಜು ಪುಡಿಯಾಗಿ ಸುಮಾರು ಒಂದೂವರೆ ಸಾವಿರ ಜನರಿಗೆ ಗಾಯ. "ಕಿಟಕಿ ಹತ್ತಿರ ಹೋಗಬೇಡಿ" ಅಂತ ಒಂದು ಗಂಟೆ ಮೊದಲು ಹೇಳಿದ್ದರೂ ಸಾಕಿತ್ತು. ಆದರೆ ಅದು ಬಂದದ್ದು ಸೂರ್ಯನ ಕಡೆಯಿಂದ, ಯಾರಿಗೂ ಕಾಣಲೇ ಇಲ್ಲ. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುವಾಗ ಪಡುವಣದಿಂದ ಬರುವ ದೋಣಿ ನಿಮಗೂ ಕಾಣುತ್ತಿರಲಿಲ್ಲವಲ್ಲ, ಹಾಗೆ. ಆ ದಿಕ್ಕು ನೋಡಲು ಬಾಹ್ಯಾಕಾಶಕ್ಕೇ ಒಂದು ದೂರದರ್ಶಕ ಕಳಿಸುವ ತಯಾರಿ ನಡೆದಿದೆ.

ಇನ್ನೊಂದು ತಮಾಷೆ ಕೇಳಿ. ವರ್ಷಕ್ಕೆ 300 ಮಿಲಿಮೀಟರ್ ಮಳೆಯೂ ಬೀಳದ ಊರು ಇದು. ಆದರೂ ಈಗ ಇಲ್ಲಿ ಮಳೆಗಾಲ. ಮಧ್ಯಾಹ್ನ ಮೋಡ, ಗುಡ್ಡದ ಮೇಲೆ ಸಿಡಿಲು. ಹಾಗಾಗಿ ದೂರದರ್ಶಕಕ್ಕೆ ಮುಚ್ಚಳ ಹಾಕಿ ರಿಪೇರಿ ನಡೆಸುತ್ತಿದ್ದಾರೆ. ಅಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲಿ, ಇಲ್ಲಿ ಇವರೆಲ್ಲ ಮನೆಯಲ್ಲಿ. ಪಕ್ಕದ ಮನೆಯಾಕೆಗೆ ಕಾಫಿಗೆ ಪುರುಸೊತ್ತು ಸಿಕ್ಕಿದ್ದು ಅದಕ್ಕೇ. ನಮ್ಮಲ್ಲೂ ಮಳೆಗಾಲದಲ್ಲಿ ಮೀನು ಹಿಡಿಯಬಾರದ 61 ದಿನ ಬಲೆ ಹೊಲಿಯುತ್ತಾ ಕೂರುತ್ತಾರೆ ಅಂದರೆ ನಂಬಲಿಲ್ಲ. ದಕ್ಕೆಯ ಒಂದು ಫೋಟೊ ಕಳಿಸಿ, ತೋರಿಸಬೇಕು.

ಅಮ್ಮ, ಒಣ ಸಿಗಡಿ ಮುಗಿದು ತಿಂಗಳಾಯಿತು. ಕಳಿಸಲು ಹೋಗಬೇಡ. ಡಿಸೆಂಬರಿನಲ್ಲಿ ಬಂದಾಗ ಅಲ್ಲೇ ತಿನ್ನುತ್ತೇನೆ, ಚಟ್ನಿ ಮಾಡಿಡು.

ನಿಮ್ಮ ಮಗಳು