ಮುಚ್ಚಳ ತೆಗೆಯುವ ಮೊದಲು

ಧಾರವಾಡ
ಏಪ್ರಿಲ್ ಕೊನೆಯ ವಾರ

ಪ್ರೀತಿಯ ಗೆಳೆಯಾ,

ನೀನು ಕಳುಹಿಸಿದ ಫೋಟೋ ನೋಡಿದೆ. ಗಾಜಿನ ಲೋಟದಲ್ಲಿ ಪುದೀನದ ಪಾಕ ಚಹಾದ ಬಣ್ಣಕ್ಕೆ ತಿರುಗಿ ನಿಂತಿದೆ. ಅದರ ಕೆಳಗಿನ ನಿನ್ನ ಸಾಲು ಓದಿ ಮನಸ್ಸಿಗೆ ಕಸಿವಿಸಿಯಾಯಿತು: ‘ಮನೆಯೆಲ್ಲ ಘಮಘಮ ಎನ್ನುತ್ತಿತ್ತು, ಬಾಯಿಗೆ ಹಾಕಿಕೊಂಡರೆ ಬೇಯಿಸಿದ ಸೊಪ್ಪಿನ ನೀರು.’ ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ಕಳೆದ ವಾರ ಫೋನಿನಲ್ಲಿ ‘ಸಕ್ಕರೆ, ನೀರು, ಸೊಪ್ಪು ಹಾಕಿ ಕುದಿಸು, ಸೋಸು’ ಎಂದು ಅವಸರದಲ್ಲಿ ಹೇಳಿ ಮುಗಿಸಿದವನು ನಾನು. ಅದಕ್ಕೇ ಇವತ್ತು ಕುಳಿತು ಪೂರ್ತಿ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಮೊಮ್ಮಕ್ಕಳು ಬೆಟಗೇರಿಗೆ ಬರುವ ಹೊತ್ತಿಗೆ ನಿಮ್ಮ ಫ್ರಿಜ್ಜಿನಲ್ಲಿ ಎರಡು ಬಾಟಲಿ ಒಳ್ಳೆಯ ಪಾಕ ಇರಬೇಕು.

ಎಲ್ಲಿ ಕೆಟ್ಟಿತು ಎಂಬುದು ನಿನ್ನ ಆ ಸಾಲಿನಲ್ಲೇ ಇದೆ. ಮನೆಯೆಲ್ಲ ಘಮಘಮಿಸಿತು ಎಂದರೆ ಪುದೀನದ ಕಂಪು ಬೋಗುಣಿ ಬಿಟ್ಟು ಮನೆ ಸೇರಿತು ಎಂದೇ ಲೆಕ್ಕ. ಪುದೀನ, ತುಳಸಿಯಂಥ ಎಲೆಗಳ ಪರಿಮಳವೆಲ್ಲ ಎಲೆಯ ಮೇಲ್ಮೈಯ ಸಣ್ಣ ಸಣ್ಣ ಗ್ರಂಥಿಗಳಲ್ಲಿರುವ ಎಣ್ಣೆ. ಕುದಿಯುವ ನೀರಿನ ಆವಿ ಅದನ್ನು ಎತ್ತಿಕೊಂಡು ಹೋಗಿಬಿಡುತ್ತದೆ. ಬಣ್ಣದ್ದು ಬೇರೆ ಕಥೆ. ಎಲೆಗೆ ಹಸಿರು ಕೊಡುವ ಕ್ಲೋರೋಫಿಲ್‌ನ ನಟ್ಟನಡುವೆ ಒಂದು ಮೆಗ್ನೀಸಿಯಮ್ ಇರುತ್ತದೆ. ಎಲೆ ಬೆಂದಾಗ ಅದರೊಳಗಿನ ಹುಳಿಯೇ ಹೊರಬಂದು ಆ ಮೆಗ್ನೀಸಿಯಮ್ಮನ್ನು ಕಳಚಿಬಿಡುತ್ತದೆ, ಹಸಿರು ಹೋಗಿ ಕಂದು ಉಳಿಯುತ್ತದೆ. ಬಿಸಿಯಿರುವಾಗಲೇ ನಿಂಬೆಹಣ್ಣು ಬೇರೆ ಹಿಂಡಿದೆ ಎಂದು ಬರೆದಿರುವೆ. ಅದರಿಂದ ಕೆಲಸ ಇನ್ನೂ ಬೇಗ ಕೆಟ್ಟಿತು.

ನಮ್ಮ ಪಡಸಾಲೆಯಲ್ಲಿ ತೂಗುಹಾಕಿದ್ದ ಹಾವೇರಿಯ ಏಲಕ್ಕಿ ಹಾರ ನಿನಗೆ ನೆನಪಿರಬೇಕು, ನಾನು ನಿವೃತ್ತನಾದ ದಿನ ಹಾಕಿದ್ದು. ಮೊದಮೊದಲು ಹೊರಗಿನಿಂದ ಬಂದವರು ಚಪ್ಪಲಿ ಬಿಡುವಾಗಲೇ ‘ಏಲಕ್ಕಿ ವಾಸನೆ’ ಎನ್ನುತ್ತಿದ್ದರು. ನಾಲ್ಕು ವರ್ಷದ ಮೇಲೆ, ಹೋದ ದೀಪಾವಳಿಗೆ ಧೂಳು ಒರೆಸಲು ಇಳಿಸಿದಾಗ ಒಂದು ಕಾಯಿ ಬಿಡಿಸಿದೆ. ಸಿಪ್ಪೆ ಗಟ್ಟಿಯಾಗಿತ್ತು, ಒಳಗೆ ಕಾಳು ಸಾಲಾಗಿ ಇದ್ದಂತೆಯೇ ಇತ್ತು. ಅಗಿದರೆ ಮರದ ಹೊಟ್ಟು. ಅಡುಗೆಮನೆಯ ಬಿಗಿ ಮುಚ್ಚಳದ ಡಬ್ಬಿಯಲ್ಲಿದ್ದ ಹಳೆಯ ಏಲಕ್ಕಿಯನ್ನೂ ಅದೇ ಹೊತ್ತಿಗೆ ಬಿಡಿಸಿದೆ, ಮೂಗು ತುಂಬಿತು. ಪಾಕ ಮಾಡುವಾಗ ನಾನು ಮುಚ್ಚಳದ ಬಗ್ಗೆ ಇಷ್ಟು ಹಟ ಮಾಡುವುದು ಅಂದಿನಿಂದಲೇ.

ಈಗ ಕೆಲಸಕ್ಕೆ ಬರೋಣ. ಪಾಕ ಎಂದೊಡನೆ ನಮ್ಮವರ ಕೈ ಎಳೆ ನೋಡಲು ಹೋಗುತ್ತದೆ. ಉಂಡಿ ಕಟ್ಟಲು ಎಳೆಪಾಕ ಬೇಕು, ಇದಕ್ಕೆ ಬೇಡ. ಇಲ್ಲಿ ಸಕ್ಕರೆ ಕರಗಿದರೆ ಸಾಕು. 250 ಗ್ರಾಂ ಸಕ್ಕರೆ, 250 ಮಿಲಿ ನೀರು. ತಕ್ಕಡಿಯಿದ್ದರೆ ತೂಗಿಯೇ ಹಾಕು. 240 ಮಿಲಿ ನೀರು ಹಿಡಿಯುವ ಬಟ್ಟಲಿನಲ್ಲಿ ಸಕ್ಕರೆ 200 ಗ್ರಾಂ ಆಸುಪಾಸು ಮಾತ್ರ ಹಿಡಿಯುತ್ತದೆ, ಪಾಕ ನೀರಾಗುತ್ತದೆ. ಸಣ್ಣ ಉರಿಯಲ್ಲಿ ಕದಡುತ್ತಿರು. ತಳದಿಂದ ಗಾಜಿನಂಥ ಎಳೆಗಳು ಅಲೆಯುತ್ತ ಮೇಲೇಳುತ್ತವೆ. ಅವು ಮಾಯವಾಗಿ ಬೋಗುಣಿಯ ತಳ ನಿಚ್ಚಳವಾಗಿ ಕಂಡಿತೆಂದರೆ ಸಕ್ಕರೆ ಕರಗಿದೆ. ಒಂದೇ ಒಂದು ಕುದಿ ಬರಲಿ, ಒಲೆ ಆರಿಸು. ನಮ್ಮ ಅವ್ವ ಪಾಕಕ್ಕೆ ಒಂದು ಚಮಚ ಹಾಲು ಹಾಕಿ ಕೊಳೆ ತೆಗೆಯುತ್ತಿದ್ದಳು. ಈಗಿನ ಬಿಳಿ ಸಕ್ಕರೆಗೆ ಅದು ಬೇಕಿಲ್ಲ. ಹಾಲಿನ ಅಂಶ ಉಳಿದರೆ ಪಾಕ ಬೇಗ ಹಳಸುತ್ತದೆ.

ಆರಿಸಿ ಎರಡು ನಿಮಿಷ ಬಿಟ್ಟ ಮೇಲೆ ಪುದೀನ. ಕಡ್ಡಿ ಬಿಟ್ಟು ಎಲೆ ಮಾತ್ರ, ಒಂದು ದೊಡ್ಡ ಹಿಡಿ, ತೂಗಿದರೆ 20 ಗ್ರಾಂ. ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಆರಿಸಿರಬೇಕು. ಎಲೆಗಳನ್ನು ಒಂದು ಅಂಗೈಯಲ್ಲಿಟ್ಟು ಇನ್ನೊಂದು ಅಂಗೈಯಿಂದ ಒಮ್ಮೆ ತಟ್ಟಿ ಹಾಕು. ಕುಟ್ಟಬೇಡ, ಕಹಿ ಬಿಡುತ್ತದೆ. ಚಮಚದಿಂದ ಅದುಮಿ ಮುಳುಗಿಸಿ ಕೂಡಲೇ ಮುಚ್ಚು. 20 ನಿಮಿಷ ಅದನ್ನು ಮುಟ್ಟಬೇಡ.

ನಾನು ಗಾಜಿನ ಮುಚ್ಚಳವನ್ನೇ ಬಳಸುತ್ತೇನೆ, ಒಳಗೆ ನಡೆಯುವುದನ್ನು ನೋಡಬಹುದು ಎಂದು. ಮೊದಲು ಮುಚ್ಚಳದ ಒಳಮೈಗೆ ಮಂಜು ಹಿಡಿಯುತ್ತದೆ. ಆ ಮಂಜು ಸಾಸಿವೆಯಷ್ಟು ಹನಿಗಳಾಗುತ್ತದೆ, ಹನಿ ಹನಿ ಕೂಡಿ ದಪ್ಪವಾಗಿ, ಭಾರ ತಾಳಲಾರದೆ ಅಂಚಿನ ಕಡೆಗೆ ಜಾರುತ್ತವೆ. ಸಮಯವಾದ ಮೇಲೆ ಮುಚ್ಚಳವನ್ನು ಪೂರ್ತಿ ಎತ್ತದೆ ಬೋಗುಣಿಯ ಮೇಲೆಯೇ ಓರೆ ಹಿಡಿ, ಬೆರಳಿನಿಂದ ತಟ್ಟಿ ಆ ಹನಿಗಳನ್ನೆಲ್ಲ ಪಾಕಕ್ಕೇ ಇಳಿಸು. ಒಂದು ಹನಿಯನ್ನು ಮಾತ್ರ ನಿನಗಾಗಿ ಉಳಿಸಿಕೊಂಡು ನಾಲಿಗೆಗೆ ಹಚ್ಚಿಕೋ. ಸಕ್ಕರೆ ಆವಿಯಾಗುವುದಿಲ್ಲವಲ್ಲ, ಆ ಹನಿಯಲ್ಲಿ ಸಿಹಿಯ ಸೋಂಕೂ ಇಲ್ಲ, ಇರುವುದು ಪುದೀನ ಮಾತ್ರ. ನಿನ್ನ ಮನೆ ತುಂಬ ಹರಡಿ ಹೋದದ್ದು ಅದೇ.

ಆಮೇಲೆ ಹಳೆಯ ಧೋತರದ ತುಂಡಿನಲ್ಲಿ ಸೋಸು. ತಾನಾಗಿ ಇಳಿಯಲಿ, ಹಿಂಡಬೇಡ. ಸುಮಾರು 400 ಮಿಲಿ ಸಿಗುತ್ತದೆ. ನಿಂಬೆರಸ ಲೋಟಕ್ಕೆ, ಕುಡಿಯುವ ಹೊತ್ತಿಗೆ.

ಹೀಗೆ ಮಾಡಿದ ಪಾಕವೂ ಅಂಗಡಿಯ ಬಾಟಲಿಯಂತೆ ಕಡುಹಸಿರು ಇರುವುದಿಲ್ಲ, ತಿಳಿ ಹೊಂಬಣ್ಣದ್ದಾಗಿರುತ್ತದೆ. ನನಗೆ ಅದೇ ಇಷ್ಟ. ನಿನ್ನ ಮೊಮ್ಮಗಳು ಹಸಿರೇ ಬೇಕೆಂದು ಹಟ ಹಿಡಿದರೆ ಬಣ್ಣದ ಪುಡಿ ತರಬೇಡ. ಎಲೆಗಳನ್ನು ಕುದಿಯುವ ನೀರಿನಲ್ಲಿ 15 ಸೆಕೆಂಡು ಮಾತ್ರ ಅದ್ದಿ, ತಕ್ಷಣ ಮಂಜುಗಡ್ಡೆಯ ನೀರಿಗೆ ಹಾಕು. ನೀರು ಹಿಂಡಿ ತೆಗೆದು, ಪೂರ್ತಿ ತಣ್ಣಗಾದ ಪಾಕದ ಜೊತೆ ಮಿಕ್ಸಿಯಲ್ಲಿ ತಿರುವಿ ಸೋಸು. ಎಳೆ ಹುಲ್ಲಿನ ಹಸಿರು ಬರುತ್ತದೆ. ಮೂರು ನಾಲ್ಕು ದಿನದಲ್ಲಿ ಮಾಸುತ್ತದೆ, ಆದ್ದರಿಂದ ಅವರು ಬರುವ ಹಿಂದಿನ ದಿನ ಮಾಡು.

ನಿಂಬೆ ಹುಲ್ಲಿಗೆ ಮಾತ್ರ ಈ ಮೃದು ಉಪಚಾರ ಸಾಲದು. ಅದು ನಾರಿನ ಜಾತಿ, ಕಂಪು ನಾರಿನೊಳಗೆ ಅಡಗಿದೆ. ನಾಲ್ಕು ಕಡ್ಡಿಯ ಬುಡದ ಬಿಳಿಯ ಭಾಗವನ್ನು ಕುಟ್ಟಾಣಿಯಲ್ಲಿ ಜಜ್ಜಿ, ಎಲೆಯನ್ನು ಗಂಟು ಕಟ್ಟಿ, ಸಕ್ಕರೆ ನೀರಿನ ಜೊತೆಗೇ ಹಾಕು. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕುದಿಸಿ, ಆರುವ ತನಕ ಹಾಗೆಯೇ ಬಿಡು. ಎಲೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಮಕ್ಕಳ ಕೈಗೆ ಕೊಡಬೇಡ. ಶುಂಠಿ, ಏಲಕ್ಕಿಯ ಪಾಕಕ್ಕೂ ಇದೇ ಕ್ರಮ. ಶುಂಠಿಗೆ ಸಕ್ಕರೆಗಿಂತ ಬೆಲ್ಲ ಚೆಂದ, ರಾಮನವಮಿಯ ಪಾನಕ ಕುಡಿದ ನಾಲಿಗೆಗೆ ಅದನ್ನು ಹೇಳಬೇಕಾಗಿಲ್ಲ. ಆದರೆ ಪುದೀನಕ್ಕೆ ಬೆಲ್ಲ ಹಾಕಿದರೆ ಬೆಲ್ಲವೇ ಗೆಲ್ಲುತ್ತದೆ, ಎಲೆ ಇದ್ದೂ ಇಲ್ಲದಂತೆ.

ತುಳಸಿಯನ್ನು ಮಿತವಾಗಿ ಬಳಸು. ಲವಂಗಕ್ಕೆ ಅದರ ಘಾಟು ಕೊಡುವ ಯೂಜಿನಾಲ್ ಎಂಬ ಅಂಶ ತುಳಸಿಯಲ್ಲೂ ಇದೆ, ಹತ್ತು ಎಲೆ ಹೆಚ್ಚಾದರೆ ಶರಬತ್ತು ಹೋಗಿ ಕಷಾಯವಾಗುತ್ತದೆ. ಕಟ್ಟೆಯ ತುಳಸಿ ಕೀಳಲು ನಮ್ಮ ಮನೆಯಲ್ಲಿ ಒಪ್ಪುವುದಿಲ್ಲ, ಹಿತ್ತಲಲ್ಲಿ ಬೇರೆ ಕುಂಡವಿದೆ. ನಿಜ ಹೇಳಬೇಕೆಂದರೆ ನನಗೆ ತುಳಸಿಗಿಂತ ಕಾಮಕಸ್ತೂರಿ ಪ್ರಿಯ. ಅದರ ಬೀಜವನ್ನು ನೀರಿನಲ್ಲಿ ನೆನೆಸಿ ಶರಬತ್ತಿಗೆ ಹಾಕುವುದು ಎಲ್ಲರಿಗೂ ಗೊತ್ತು, ಎಲೆಯನ್ನು ಯಾರೂ ಕೇಳುವುದಿಲ್ಲ. ಪುದೀನದಂತೆಯೇ ಮುಚ್ಚಿಟ್ಟು ಅದರ ಪಾಕ ತೆಗೆದು, ಆಪೂಸು ಮಾವಿನ ಹೋಳುಗಳ ಮೇಲೆ ಎರಡು ಚಮಚ ಸುರಿದು ನೋಡು. ನಮ್ಮ ಧಾರವಾಡದ ಆಪೂಸು ಈಗ ಬರತೊಡಗಿದೆ, ಈ ವಾರ ಮೂರು ಸಲ ಹಾಗೆ ತಿಂದೆವು.

ಇಡುವುದರ ಬಗ್ಗೆ ಕಟ್ಟುನಿಟ್ಟಾಗಿರು. ಹೋದ ಮೇ ತಿಂಗಳಲ್ಲಿ ಒಂದು ಬಾಟಲಿಯನ್ನು ಮರೆತು ಅಡುಗೆಮನೆಯ ಮಾಡದಲ್ಲೇ ಬಿಟ್ಟಿದ್ದೆ. ಐದನೆಯ ದಿನ ಕತ್ತಿನ ಸುತ್ತ ಹತ್ತಿಯಂಥ ಬೂಷ್ಟು. ಮೇಲಿನದು ತೆಗೆದು ಮತ್ತೆ ಕುದಿಸುವ ಯೋಚನೆ ಮಾಡಬೇಡ, ಪೂರ್ತಿ ಚೆಲ್ಲಬೇಕು. ಸಮಸಮ ಅಳತೆಯ ಪಾಕದಲ್ಲಿ ನೀರು ಹೆಚ್ಚು, ಅದು ಸೂಕ್ಷ್ಮಜೀವಿಗಳಿಗೂ ಸಿಗುತ್ತದೆ. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿ, ಹತ್ತು ದಿನ ಎಂದಿಟ್ಟುಕೋ. ಹೆಚ್ಚು ದಿನ ಬೇಕಾದರೆ 250 ಮಿಲಿ ನೀರಿಗೆ 500 ಗ್ರಾಂ ಸಕ್ಕರೆ ಹಾಕು. ಅಷ್ಟು ಸಕ್ಕರೆ ನೀರನ್ನು ತಾನೇ ಹಿಡಿದುಕೊಳ್ಳುತ್ತದೆ, ಬೂಷ್ಟು ಬೇಗ ಬೆಳೆಯದು. ತಿಂಗಳ ತನಕ ಫ್ರಿಜ್ಜಿನಲ್ಲಿ ಇಡಬಹುದು. ತಳದಲ್ಲಿ ಹರಳು ಕಟ್ಟಿದರೆ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸು, ಕರಗುತ್ತದೆ. ಲೋಟಕ್ಕೆ ಹಾಕುವಾಗ ಮಾತ್ರ ಅಳತೆ ಕಡಿಮೆ ಮಾಡಲು ಮರೆಯಬೇಡ.

ಮಕ್ಕಳಿಗೆ ಒಂದು ಲೋಟ ತಣ್ಣೀರಿಗೆ 30 ಮಿಲಿ ಸಮಸಮ ಪಾಕ, ಅರ್ಧ ನಿಂಬೆ, ಚಿಟಿಕೆ ಉಪ್ಪು. ನೀರಿನ ಬದಲು ಸೋಡಾ ಹಾಕಿದರೆ ಅವರಿಗೆ ಹಬ್ಬ. ಆ 30 ಮಿಲಿಯಲ್ಲಿ 18 ಗ್ರಾಂ ಸಕ್ಕರೆಯಿದೆ. ಡಾಕ್ಟರು ಹೇಳಿದ್ದನ್ನು ನೀನು ಮರೆಯಬಾರದು. ನಿನಗೆ ಅದೇ ತಟ್ಟಿದ ಪುದೀನ, ನಿಂಬೆ, ಉಪ್ಪು, ತಣ್ಣೀರು. ಜಗ್ಗಿನಲ್ಲಿ ಮುಚ್ಚಿಟ್ಟು ಕುಡಿ, ಪಾಕ ಬೇಡ. ಇದನ್ನು ವೈನಿಯವರಿಗೂ ಓದಿ ಹೇಳು, ನಿನ್ನೊಬ್ಬನ ಮೇಲೆ ನನಗೆ ಈ ವಿಷಯದಲ್ಲಿ ಭರವಸೆ ಇಲ್ಲ.

ಶ್ರೀಖಂಡಕ್ಕೆ ನಿಂಬೆ ಹುಲ್ಲಿನ ಪಾಕ ಬಹಳ ಒಪ್ಪುತ್ತದೆ, ಆದರೆ ಚಕ್ಕಾದಲ್ಲಿ, ಅಂದರೆ ನೀರು ಬಸಿದ ಗಟ್ಟಿ ಮೊಸರಿನಲ್ಲಿ, ಕಲಸಬೇಡ, ರಾತ್ರಿಯೆಲ್ಲ ಕಟ್ಟಿ ಇಳಿಸಿದ ನೀರನ್ನು ಮತ್ತೆ ಸೇರಿಸಿದಂತಾಗುತ್ತದೆ. ಯಾವಾಗಿನಂತೆ ಸಕ್ಕರೆ ಪುಡಿ ಸ್ವಲ್ಪ ಕಡಿಮೆ ಹಾಕಿ ಮಾಡಿ, ಬಟ್ಟಲಿಗೆ ಬಡಿಸಿದ ಮೇಲೆ ಒಂದು ಚಮಚ ಪಾಕ ಬಿಡಲಿ. ಬೇಕರಿಯಿಂದ ತಂದ ಸಾದಾ ಕೇಕು ಮರುದಿನ ಒಣಗಿದ್ದರೆ ಅದಕ್ಕೂ ಏಲಕ್ಕಿ ಪಾಕ ಸವರಿ ಅರ್ಧ ಗಂಟೆ ಮುಚ್ಚಿಡಿ.

ಗುರುವಾರ ನನ್ನ ತಂಗಿಯ ಮಗ ಬಸ್ಸಿನಲ್ಲಿ ಗದಗಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಒಂದು ಸೂಡು ಪುದೀನ ಮತ್ತು ನಮ್ಮ ಹಿತ್ತಲಿನ ನಿಂಬೆ ಹುಲ್ಲಿನ ಒಂದು ಬುಡ ಕಳುಹಿಸುತ್ತಿದ್ದೇನೆ, ಬೇರಿಗೆ ಒದ್ದೆ ಗೋಣಿ ಸುತ್ತಿರುತ್ತೇನೆ. ಪುದೀನದ ಎಲೆ ಬಿಡಿಸಿದ ಮೇಲೆ ಕಡ್ಡಿ ಎಸೆಯಬೇಡ, ಲೋಟದ ನೀರಿನಲ್ಲಿ ನಿಲ್ಲಿಸಿದರೆ ವಾರದಲ್ಲಿ ಬೇರು ಬಿಡುತ್ತದೆ, ಆಮೇಲೆ ನೆರಳಿರುವ ಕಡೆ ಕುಂಡಕ್ಕೆ ಹಾಕು. ನಿಂಬೆ ಹುಲ್ಲಿಗೆ ಬಿಸಿಲು ಬೇಕು. ಬಚ್ಚಲ ನೀರು ಹರಿಯುವ ಕಡೆ, ನಿಮ್ಮ ಹಿಂದಿನ ಬಾಗಿಲ ಬಲಕ್ಕೆ ಜಾಗ ಇದೆಯಲ್ಲ, ಅಲ್ಲಿ ನೆಡು. ಬಸ್ಸು ಸಂಜೆ ಐದಕ್ಕೆ ಮುಟ್ಟಬಹುದು. ಅಂದೇ ಮಣ್ಣಿಗೆ ಇಡು, ಮರುದಿನಕ್ಕೆ ಬಿಡಬೇಡ.

ನಿನ್ನ ಗೆಳೆಯ