ಎಎ ಸಭೆಗೂ ಮೂರು ಸಾಲು ಜಾಗ ಕೊಡಿ

ಸಂಪಾದಕರಿಗೆ,

‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ’ ಎಂಬ ಚುಟುಕು ಜಾಹೀರಾತು ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಕೂಡಿ ಒಂದು ಪೈಸೆ ಶುಲ್ಕವಿಲ್ಲದೆ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ, ಅಂದರೆ ಜನ ‘ಎಎ ಮೀಟಿಂಗ್’ ಎನ್ನುವುದು, ಎಲ್ಲಿ ಎಷ್ಟು ಗಂಟೆಗೆ ಎಂಬುದು ಮಾತ್ರ ‘ನಗರದಲ್ಲಿ ಇಂದು’ ಅಂಕಣದಲ್ಲಿ ಬರುವುದಿಲ್ಲ. ಗುಟ್ಟು ಕಾಯುವ ಸಂಘವಲ್ಲವೇ ಎಂಬ ಅನುಮಾನ ಬೇಡ. ಹೆಸರು ಹೊರಗೆ ಬರಬಾರದಾದದ್ದು ಸದಸ್ಯರದು. ಸಭೆಯ ಜಾಗ, ಹೊತ್ತು ಊರಿಗೆಲ್ಲ ಗೊತ್ತಿರಬೇಕು.

ಅಂಥ ಜಾಹೀರಾತು ನಂಬಿ ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿಯ ಬಗ್ಗೆ ಒಂದು ಮಾತು. ಅದರಲ್ಲಿ ಡೈಸಲ್ಫಿರಾಂ ಎಂಬ ಔಷಧವಿದ್ದರೆ, ತಿಳಿಯದೆ ಅದರ ಮೇಲೆ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರ ಜೀವಕ್ಕೇ ಕುತ್ತು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು ವೈದ್ಯರು ಕೊಡಬೇಕಾದ ಮಾತ್ರೆ ಅದು. ಸಾರಿನಲ್ಲಿ ಕದಡುವ ವಸ್ತುವಲ್ಲ.

ಸಭೆ ಹುಡುಕಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ವಿಚಾರಿಸಬಹುದು, ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದ ಆಪ್ತಸಮಾಲೋಚಕರ ಬಳಿ ಹತ್ತಿರದ ಗುಂಪಿನ ಫೋನ್ ನಂಬರು ಇರಬಹುದು. ಎಎ ಸಂಸ್ಥೆಯ ಜಾಲತಾಣದಲ್ಲೂ ಪಟ್ಟಿ ಉಂಟು. ಆದರೆ ಪಟ್ಟಿ ನಂಬಿ ನೇರ ಬಸ್ ಹತ್ತಬೇಡಿ. ಶಾಲೆಯ ಕೊಠಡಿ, ಚರ್ಚಿನ ಹಾಲ್ ಇಂಥ ಕಡೆ ಕೇಳಿ ಪಡೆದ ಜಾಗಗಳಾದ್ದರಿಂದ ಪರೀಕ್ಷೆ, ಹಬ್ಬ ಬಂದಾಗ ವಿಳಾಸ ಬದಲಾಗುತ್ತದೆ. ಹೊರಡುವ ದಿನ ಫೋನ್ ಮಾಡಿ ನಾಲ್ಕು ವಿಷಯ ಕೇಳಿಕೊಳ್ಳಿ: ಸಭೆ ಇವತ್ತು ಖಂಡಿತ ಉಂಟೇ, ಯಾವ ಗೇಟು, ಕನ್ನಡದಲ್ಲಿ ನಡೆಯುತ್ತದೆಯೇ, ಮುಕ್ತ ಸಭೆಯೋ ಸದಸ್ಯರಿಗಷ್ಟೇ ಮೀಸಲೋ. ಮುಕ್ತ ಸಭೆಗೆ ಮನೆಯವರೂ ಬರಬಹುದು. ರಾತ್ರಿ ಊರಿಗೆ ಮರಳುವ ಕೊನೆಯ ಬಸ್ಸಿನ ಹೊತ್ತನ್ನೂ ನೋಡಿಕೊಳ್ಳಿ. ಹಳ್ಳಿಯವರ ಎರಡನೇ ಸಭೆ ತಪ್ಪುವುದು ಹೆಚ್ಚಾಗಿ ಅಲ್ಲೇ.

ಇದಕ್ಕೂ ಮುಂಚಿನ ಮಾತೊಂದಿದೆ. ಬೆಳಗಾಗುತ್ತಲೇ ಕುಡಿಯುವವರು ‘ನಾಳೆ ಮೀಟಿಂಗ್, ಇವತ್ತೇ ಬಿಟ್ಟೆ’ ಎಂದು ಒಮ್ಮೆಗೇ ನಿಲ್ಲಿಸುವುದು ಅಪಾಯ. ಕೊನೆಯ ಗುಟುಕಿನ 6–8 ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು–ಮೂರನೇ ದಿನಕ್ಕೆ ಕೆಲವರಿಗೆ ಸನ್ನಿ ಹಿಡಿದು ಇಲ್ಲದ ಹುಳು, ಹಾವು ಕಾಣುತ್ತವೆ. ಗಾಳಿ ಸೋಕಿದೆ ಎಂದು ತಾಯಿತಕ್ಕೆ ಓಡುತ್ತಾ ಕೂತರೆ ಜೀವ ಹೋಗಬಹುದು. ಇಂಥವರು ಮೊದಲು ಆಸ್ಪತ್ರೆಗೆ ಹೋಗಬೇಕು. ‘ಒಂದು ಬಾಟಲಿ ಗ್ಲೂಕೋಸ್ ಏರಿಸಿಬಿಡಿ ಡಾಕ್ಟ್ರೇ’ ಎನ್ನುವವರಿಗೂ ತಿಳಿದಿರಲಿ: ಥಯಮಿನ್, ಅಂದರೆ ಬಿ1, ಕೊಡದೆ ಬರೀ ಗ್ಲೂಕೋಸ್ ಕೊಟ್ಟರೆ ಮಿದುಳಿಗೇ ಪೆಟ್ಟು ಬೀಳಬಹುದು.

ಸಭೆ ಒಂದು, ಒಂದೂವರೆ ಗಂಟೆಯದು. ಉಪನ್ಯಾಸವಿಲ್ಲ, ಇಂಜೆಕ್ಷನ್ ಇಲ್ಲ, ಹಾಜರಿ ಪುಸ್ತಕವಿಲ್ಲ. ಒಂದು ಕಿರು ಪ್ರಾರ್ಥನೆ, ಕುಡಿತದಿಂದ ಹೊರಬರಲು ಎಎ ಹಾಕಿಕೊಂಡ 12 ಹೆಜ್ಜೆಗಳ ಓದು, ಆಮೇಲೆ ಒಬ್ಬೊಬ್ಬರೂ ತಮ್ಮ ಅನುಭವ ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೊಸಬರು ‘ಇವತ್ತು ಕೇಳುತ್ತೇನೆ’ ಎಂದರೆ ಸಾಕು. ಕಾಣಿಕೆ ಚೀಲ ಬಂದರೆ ಹಾಕಲೇಬೇಕೆಂದಿಲ್ಲ. ಅದು ಬಾಡಿಗೆ, ಚಹಾಕ್ಕೆ ಸದಸ್ಯರೇ ಕೂಡಿಸುವ ಹಣ, ಹೊರಗಿನವರ ದೇಣಿಗೆಯನ್ನು ಗುಂಪು ತೆಗೆದುಕೊಳ್ಳುವುದಿಲ್ಲ. ‘ಎಎ ಪದ್ಧತಿ’ ಎಂದು ಹೇಳಿ ತಿಂಗಳ ಲೆಕ್ಕದಲ್ಲಿ ಸಾವಿರಾರು ರೂಪಾಯಿ ಕೇಳುವ ಕೇಂದ್ರಗಳೇ ಬೇರೆ, ಎಎಯೇ ಬೇರೆ. ಚರ್ಚಿನ ಹಾಲ್ ನೋಡಿ ಇದು ಮತಾಂತರದ ಕೆಲಸವೇನೋ ಎಂದು ಹಿಂದೆ ಸರಿಯುವವರೂ ಇದ್ದಾರೆ. 1935ರಲ್ಲಿ ಅಮೆರಿಕದ ಆ್ಯಕ್ರನ್‌ನಲ್ಲಿ ಶುರುವಾದ ಈ ಸಂಘ ಯಾವ ಮತಕ್ಕೂ ಸೇರಿದ್ದಲ್ಲ. ಹೆಜ್ಜೆಗಳಲ್ಲಿ ಬರುವ ದೇವರು ‘ನಾವು ಅರಿತುಕೊಂಡಂತೆ’ ಇರುವ ದೇವರು. ಕುಡಿತ ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವದ ಷರತ್ತು.

ಆ ಆಸೆಯಿಲ್ಲದವನನ್ನು ಭಾವ, ಮಾವ ಸೇರಿ ಆಟೊದಲ್ಲಿ ತುಂಬಿಕೊಂಡು ಬಂದಾಗಲೇ ಮೊದಲ ಸಭೆ ಕೆಡುವುದು. ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕಾವಲು ಕೂತರೆ ಅವನು ಬಾಯಿ ಬಿಡುವುದಿಲ್ಲ. ಮನೆಯವರಿಗೆ ಆಲ್–ಅನಾನ್ ಎಂಬ ಬೇರೆ ಸಭೆಯೇ ಇದೆ. ಅವನು ಬರಲಿ ಬಿಡಲಿ, ಅವರು ಹೋಗಬಹುದು. ಒಂದೇ ಸಭೆಗೆ ಹೋಗಿ ‘ನನಗೆ ಆಗಿಬರಲ್ಲ’ ಎನ್ನುವುದು ಇನ್ನೊಂದು ತೊಡಕು. ಒಂದು ಗುಂಪಿನಂತೆ ಇನ್ನೊಂದಿರುವುದಿಲ್ಲ, ನಾಲ್ಕಾರು ಕಡೆ ಕೂತು ನೋಡಬೇಕು. ಹೊರಡುವ ಮುನ್ನ ಹಳಬರಿಬ್ಬರ ಫೋನ್ ನಂಬರು ಪಡೆಯಲೇಬೇಕು. ಸಂಜೆ ವೈನ್ ಶಾಪ್ ದಾಟುವ ಹೊತ್ತಿಗೆ ಬೇಕಾಗುವುದು ಅದೇ. ಹೆಂಗಸರು ಮಹಿಳಾ ಸದಸ್ಯರ ನಂಬರು ಕೇಳಲಿ, ಆನ್‌ಲೈನ್ ಸಭೆಗಳೂ ಇವೆ. ಯಾರಾದರೂ ಸದಸ್ಯರು ‘ಡಾಕ್ಟರ ಮಾತ್ರೆಯನ್ನೂ ಬಿಡು’ ಎಂದರೆ ಕೇಳಬೇಡಿ. ವೈದ್ಯರ ಪಾತ್ರ ವಹಿಸಬಾರದೆಂದು ಎಎಯೇ ತನ್ನ ಸದಸ್ಯರಿಗೆ ಹೇಳಿದೆ.

ಪತ್ರಿಕೆ ಮಾಡಬೇಕಾದ್ದು ಇಷ್ಟೇ: ಪ್ರತಿ ಶನಿವಾರ, ಬಟವಾಡೆಯ ದಿನ, ಜಿಲ್ಲಾ ಪುಟದಲ್ಲಿ ಮೂರು ಸಾಲು. ವಾರ ಮತ್ತು ಹೊತ್ತು, ಬಸ್ ನಿಲ್ದಾಣದಿಂದ ಗುರುತು, ಮುಕ್ತವೋ ಅಲ್ಲವೋ, ಗುಂಪಿನ ಫೋನ್ ನಂಬರು. ಯಾರ ಹೆಸರೂ ಬೇಡ, ಫೋಟೊ ಬೇಡವೇ ಬೇಡ. ಮೂರು ತಿಂಗಳಿಗೊಮ್ಮೆ ಅದೇ ನಂಬರಿಗೆ ಕರೆ ಮಾಡಿ ವಿವರ ಸರಿಯಿದೆಯೇ ಎಂದು ನೋಡಿಕೊಂಡರಾಯಿತು.

— ವ್ಯಸನಮುಕ್ತಿ ಕ್ಷೇತ್ರದ ಕಾರ್ಯಕರ್ತರು, ಮೈಸೂರು